18 ಸ್ಕಾರ್ಪಿಯೈ: ಸೂರ್ಯನ ಅವಳಿಯ ಅಂಕಿಗಳಲ್ಲಿ ಅಳೆದದ್ದು ಎಷ್ಟು, ಊಹಿಸಿದ್ದು ಎಷ್ಟು?

ಇರುಳುಗಣ್ಣು

ಏಪ್ರಿಲ್ ಕೊನೆಯ ವಾರ ಚಿತ್ರದುರ್ಗದ ಹತ್ತಿರದ ನಮ್ಮ ತೋಟದಲ್ಲಿ, ಪಂಪ್‌ಹೌಸಿನ ತಾರಸಿಯ ಮೇಲೆ ಚಾಪೆ ಹಾಸಿಕೊಂಡು ಮಲಗಿ, ರಾತ್ರಿ ಎರಡು ಗಂಟೆಯ ಸುಮಾರಿಗೆ 18 ಸ್ಕಾರ್ಪಿಯೈಯನ್ನು ಕಂಡೆ. ಹೆಸರಿಗೆ ಅದು ವೃಶ್ಚಿಕ ರಾಶಿಯ ನಕ್ಷತ್ರವಾದರೂ, ಚೇಳಿನ ಆಕಾರದೊಳಗೆ ಹುಡುಕಿದರೆ ಸಿಗುವುದಿಲ್ಲ; ಜ್ಯೇಷ್ಠಾ ಮತ್ತು ಅನೂರಾಧಾ ನಕ್ಷತ್ರಗಳಿಂದ ಬಹಳ ಉತ್ತರಕ್ಕೆ, ಉರಗಧರ ರಾಶಿಯ ಗಡಿಯಲ್ಲಿ ಅದರ ವಾಸ. ಉರಗಧರನ ಎಡಗೈಯಲ್ಲಿ ಒತ್ತೊತ್ತಾಗಿರುವ ಎರಡು ನಕ್ಷತ್ರಗಳಿವೆಯಲ್ಲ, ಡೆಲ್ಟಾ ಮತ್ತು ಎಪ್ಸಿಲಾನ್, ಆ ಜೋಡಿಯಿಂದ ದಕ್ಷಿಣಕ್ಕೆ ಮೂರು ಬೆರಳಿನಗಲ ಇಳಿಯಬೇಕು. 10x50 ಬೈನಾಕ್ಯುಲರ್‌ನಲ್ಲಿ ಜೋಡಿಯನ್ನು ನೋಟದ ಮೇಲಂಚಿಗೆ ತಂದರೆ ಇದು ಕೆಳಗಡೆ ಬಂದು ಕೂರುತ್ತದೆ. ಬರಿಗಣ್ಣಿಗೆ ನೇರವಾಗಿ ನೋಡಿದರೆ ಮಾಯವಾಗುತ್ತದೆ, ಓರೆಗಣ್ಣಿನಲ್ಲಿ ನೋಡಿದರೆ ಇದೆ ಎನಿಸುತ್ತದೆ. ಮೊದಲ ರಾತ್ರಿ ಪಕ್ಕದ ಬೇರೊಂದು ಮಿಣುಕನ್ನೇ ಇದೆಂದು ಬರೆದಿಟ್ಟುಕೊಂಡಿದ್ದೆ. ಮಾರನೆಯ ದಿನ ನಕ್ಷೆ ತೆರೆದಾಗ ನಾಚಿಕೆಯಾಯಿತು.

ನನ್ನ ಪ್ರಶ್ನೆ ಅದರ ಅಂಕಿಗಳ ಬಗ್ಗೆ. ಈ ನಕ್ಷತ್ರ ಸೂರ್ಯನ ಅವಳಿ, ಅಂದರೆ ಗುಣಗಳಲ್ಲಿ ಹೆಚ್ಚುಕಡಿಮೆ ಸೂರ್ಯನನ್ನೇ ಹೋಲುವ ನಕ್ಷತ್ರ, ಎಂದು ಎಲ್ಲೆಡೆ ಓದುತ್ತೇವೆ. ಆದರೆ ಒಂದು ಕಡೆ ದೂರ 45.3 ಜ್ಯೋತಿರ್ವರ್ಷ ಎಂದಿದೆ, ಇನ್ನೊಂದು ಕಡೆ 46.1. ತಾಪ 5823 ಕೆಲ್ವಿನ್, ತಪ್ಪುವ ಸಾಧ್ಯತೆ ಕೇವಲ 6 ಕೆಲ್ವಿನ್ ಎಂದು ಒಬ್ಬರು ಹೇಳುತ್ತಾರೆ. ಅದೇ ನಕ್ಷತ್ರದ ವಯಸ್ಸಿನ ವಿಷಯಕ್ಕೆ ಬಂದರೆ 290 ಕೋಟಿ ವರ್ಷದಿಂದ ಆರಂಭಿಸಿ 350 ಕೋಟಿಗೂ ಮೀರಿದ ಲೆಕ್ಕಗಳಿವೆ. ತಾಪವನ್ನು ಸಾವಿರದಲ್ಲಿ ಒಂದು ಪಾಲಿನಷ್ಟು ಖಚಿತವಾಗಿ ಬಲ್ಲವರಿಗೆ ವಯಸ್ಸು ಮಾತ್ರ ಏಕೆ ಇಷ್ಟೊಂದು ಜಾರುತ್ತದೆ?

ಲೆಕ್ಕದ ಮೇಷ್ಟ್ರು

ತಾಪಕ್ಕೆ ಹೋಗುವ ಮೊದಲು ಬೆಳಕಿನಿಂದ ಆರಂಭಿಸೋಣ, ಏಕೆಂದರೆ ಅಲ್ಲಿ ನಾವೇ ಕಾಗದ, ಪೆನ್ನು ಹಿಡಿದು ಲೆಕ್ಕ ಮಾಡಬಹುದು. ಸೂರ್ಯನ ಕಾಂತಿಮಾನ (ಹೊಳಪಿನ ಅಂಕಿ; ಚಿಕ್ಕದಾದಷ್ಟೂ ಹೊಳಪು ಹೆಚ್ಚು) ಋಣ 26.74, 18 ಸ್ಕಾರ್ಪಿಯೈಯದು 5.50. ವ್ಯತ್ಯಾಸ 32.24. ಐದು ಕಾಂತಿಮಾನಕ್ಕೆ ನೂರು ಪಟ್ಟು ಎಂಬ ಸೂತ್ರ ಹಾಕಿದರೆ, ಸೂರ್ಯನಿಂದ ನಮಗೆ ಬರುವ ಬೆಳಕು ಆ ನಕ್ಷತ್ರದ ಬೆಳಕಿಗಿಂತ ಸುಮಾರು 7,87,000 ಕೋಟಿ ಪಟ್ಟು ಹೆಚ್ಚು. ಬೆಳಕು ದೂರದ ವರ್ಗಕ್ಕೆ ತಕ್ಕಂತೆ ಕುಗ್ಗುವುದರಿಂದ ಇದರ ವರ್ಗಮೂಲ ತೆಗೆಯಿರಿ: ಸುಮಾರು 28 ಲಕ್ಷ. ಅಂದರೆ ನಮ್ಮ ಸೂರ್ಯನನ್ನು ಈಗಿರುವ ದೂರದ 28 ಲಕ್ಷ ಪಟ್ಟು ಆಚೆಗೆ ತಳ್ಳಿದರೆ ನೀವು ಪಂಪ್‌ಹೌಸಿನ ಮೇಲಿಂದ ಕಂಡ ಚುಕ್ಕೆಯಷ್ಟೇ ಮಂಕಾಗುತ್ತಾನೆ. 46.1 ಜ್ಯೋತಿರ್ವರ್ಷವೆಂದರೆ ಸೂರ್ಯ-ಭೂಮಿ ಅಂತರದ ಸುಮಾರು 29.2 ಲಕ್ಷ ಪಟ್ಟು. ಸೂರ್ಯ 28 ಲಕ್ಷ ಪಟ್ಟು ದೂರದಿಂದ ಕೊಡುವಷ್ಟು ಬೆಳಕನ್ನು ಈ ನಕ್ಷತ್ರ 29.2 ಲಕ್ಷ ಪಟ್ಟು ದೂರದಿಂದ ಕೊಡುತ್ತಿದೆ. ಆದ್ದರಿಂದ ಇದು ಸೂರ್ಯನಿಗಿಂತ ನೂರಕ್ಕೆ ಎಂಟರಷ್ಟು ಹೆಚ್ಚು ಪ್ರಕಾಶಮಾನ. ದೂರ 45.3 ಎಂದು ಹಿಡಿದರೆ ಅದೇ ಹೆಚ್ಚುವರಿ ನೂರಕ್ಕೆ ನಾಲ್ಕೇ ಆಗುತ್ತದೆ. ನೋಡಿ, ಮುಕ್ಕಾಲು ಜ್ಯೋತಿರ್ವರ್ಷದ ಜಗಳ ಪ್ರಕಾಶದ ಅಂಕಿಯನ್ನು ಅರ್ಧಕ್ಕೆ ಇಳಿಸಿಬಿಟ್ಟಿತು.

ಕೊಡಚಾದ್ರಿ ಕಣಿವೆ

ಸೂರ್ಯನಂಥ ನಕ್ಷತ್ರವೊಂದು ಬರಿಗಣ್ಣಿಗೆ ಕಷ್ಟದಿಂದ ಕಾಣುತ್ತದೆ ಎನ್ನುವುದೇ ನನಗೆ ಇನ್ನೂ ಅರಗದ ಮಾತು. ಹಾಗಾದರೆ ನಾವು ದಿನವೂ ನೋಡುವ ದೊಡ್ಡ ನಕ್ಷತ್ರಗಳೆಲ್ಲ ಏನು?

ಲೆಕ್ಕದ ಮೇಷ್ಟ್ರು

ಅವು ಬಹುತೇಕ ಸೂರ್ಯನಿಗಿಂತ ಎಷ್ಟೋ ಪಟ್ಟು ಬೆಳಗುವ ಭಾರಿ ನಕ್ಷತ್ರಗಳು, ಇಲ್ಲವೇ ಉಬ್ಬಿದ ದೈತ್ಯಗಳು. ಬರಿಗಣ್ಣಿನ ಮಿತಿಯನ್ನು 6 ಎಂದು ಹಿಡಿದರೆ, ಸುಮಾರು 56 ಜ್ಯೋತಿರ್ವರ್ಷದ ಆಚೆ ಹೋದವರಿಗೆ ನಮ್ಮ ಸೂರ್ಯ ಕಾಣುವುದೇ ಇಲ್ಲ. ಮಘಾ 79 ಜ್ಯೋತಿರ್ವರ್ಷ ದೂರದಲ್ಲಿದೆ, ಚಿತ್ರಾ ಸುಮಾರು 250. ಅಲ್ಲಿಂದ ನೋಡುವ ಕಣ್ಣಿಗೆ ಸೂರ್ಯ ಇಲ್ಲವೇ ಇಲ್ಲ. 18 ಸ್ಕಾರ್ಪಿಯೈಯಿಂದ ನೋಡಿದರೆ ಮಾತ್ರ ನಾವು ಅಂಚಿನಲ್ಲಿ ಉಳಿದುಕೊಳ್ಳುತ್ತೇವೆ: ವೃಷಭ ರಾಶಿಯ ಕಡೆ, ರೋಹಿಣಿಯಿಂದ ಆರು ಡಿಗ್ರಿಗೂ ಕಡಿಮೆ ಅಂತರದಲ್ಲಿ, ಐದೂವರೆಗಿಂತ ಸ್ವಲ್ಪವೇ ಮಂಕಾದ ಚುಕ್ಕೆಯಾಗಿ. ಅಷ್ಟು ದೂರ ಹಿಂದೆ ಸರಿದದ್ದರಿಂದ ರೋಹಿಣಿಯೂ ನಮ್ಮ ಧ್ರುವನಕ್ಷತ್ರದ ಮಟ್ಟಕ್ಕೆ ಮಂಕಾಗಿರುತ್ತಾಳೆ.

ರೋಹಿತದರ್ಶಿ

ಇರುಳುಗಣ್ಣು ಅವರ ಮೂಲ ಪ್ರಶ್ನೆಗೆ ಬರುತ್ತೇನೆ. ತಾಪದ ಆ 6 ಕೆಲ್ವಿನ್ ಏನನ್ನು ಹೇಳುತ್ತದೆ ಎಂಬುದನ್ನು ಸರಿಯಾಗಿ ಓದಿಕೊಳ್ಳಬೇಕು. ಅದು ನಕ್ಷತ್ರದ ತಾಪವನ್ನು ನೇರವಾಗಿ ಅಳೆದದ್ದರ ಖಚಿತತೆಯಲ್ಲ. ಸೂರ್ಯನಿಗೂ ಆ ನಕ್ಷತ್ರಕ್ಕೂ ಇರುವ ವ್ಯತ್ಯಾಸವನ್ನು ಅಳೆದದ್ದರ ಖಚಿತತೆ.

ಕೆಲಸ ನಡೆಯುವ ಬಗೆ ಹೀಗೆ. ದೊಡ್ಡ ದೂರದರ್ಶಕಕ್ಕೆ ಜೋಡಿಸಿದ ರೋಹಿತಮಾಪಕದಲ್ಲಿ ನಕ್ಷತ್ರದ ಬೆಳಕನ್ನು ಹಾಯಿಸಿ ಬಣ್ಣಗಳ ಪಟ್ಟಿಯಾಗಿ, ಅಂದರೆ ರೋಹಿತವಾಗಿ, ಬಿಡಿಸಿ, ಅದರಲ್ಲಿ ಕಾಣುವ ಕಬ್ಬಿಣ, ಟೈಟಾನಿಯಮ್ ಮೊದಲಾದ ಧಾತುಗಳ ನೂರಾರು ಕಪ್ಪು ಗೆರೆಗಳ ಆಳ ಮತ್ತು ಅಗಲವನ್ನು ಒಂದೊಂದಾಗಿ ಅಳೆಯುತ್ತಾರೆ. ಅದೇ ಉಪಕರಣದಲ್ಲಿ, ಸಾಧ್ಯವಾದರೆ ಅದೇ ಅವಧಿಯಲ್ಲಿ, ಸೂರ್ಯನ ರೋಹಿತವನ್ನೂ ಪಡೆಯುತ್ತಾರೆ. ಸೂರ್ಯನತ್ತ ಆ ದೂರದರ್ಶಕವನ್ನು ತಿರುಗಿಸುವಂತಿಲ್ಲವಾದ್ದರಿಂದ ಕ್ಷುದ್ರಗ್ರಹವೊಂದರ ಮೇಲೆ ಬಿದ್ದು ಪ್ರತಿಫಲಿಸಿದ ಸೂರ್ಯನ ಬೆಳಕನ್ನು ಬಳಸುತ್ತಾರೆ. ಅದೂ ನಕ್ಷತ್ರದಂತೆ ಚುಕ್ಕೆಯಾಗಿಯೇ ಕಾಣುವುದರಿಂದ ಉಪಕರಣದ ಕಣ್ಣಿಗೆ ಎರಡೂ ಒಂದೇ. ಅನಂತರ ಗೆರೆಗೆ ಗೆರೆಯನ್ನು ಹೋಲಿಸುತ್ತಾರೆ. ಪರಮಾಣುಗಳ ಬಗ್ಗೆ ನಮಗಿರುವ ಅಂಕಿಗಳಲ್ಲಿ ತಪ್ಪಿದ್ದರೆ ಆ ತಪ್ಪು ಎರಡೂ ಕಡೆ ಸಮನಾಗಿ ಬೀಳುತ್ತದೆ, ಕಳೆಯುವಾಗ ಹೊರಟುಹೋಗುತ್ತದೆ. ನಕ್ಷತ್ರ ಸೂರ್ಯನಿಗೆ ಎಷ್ಟು ಹತ್ತಿರವೋ ತಪ್ಪು ಅಷ್ಟು ಪೂರ್ಣವಾಗಿ ಅಳಿಯುತ್ತದೆ. ಅವಳಿಗಳಿಗೆ ಇಷ್ಟು ಬೇಡಿಕೆ ಇರುವುದು ಇದೇ ಕಾರಣಕ್ಕೆ. 5823 ಎಂಬ ಅಂಕಿ 2014ರಲ್ಲಿ ಹೋರ್ಹೆ ಮೆಲೆಂಡೆಸ್ ಮತ್ತು ಸಂಗಡಿಗರು ಹೀಗೆಯೇ ಪಡೆದದ್ದು.

ಈಗ ಒಂದು ಸಣ್ಣ ಎಚ್ಚರಿಕೆ. ಹಳೆಯ ಲೆಕ್ಕಗಳಲ್ಲಿ ಸೂರ್ಯನ ತಾಪ 5777 ಕೆಲ್ವಿನ್. 2015ರಲ್ಲಿ ಅಂತರರಾಷ್ಟ್ರೀಯ ಖಗೋಳ ಒಕ್ಕೂಟ ಒಪ್ಪಿದ ಅಂಕಿ 5772. ಅಡಿಗಲ್ಲೇ 5 ಕೆಲ್ವಿನ್ ಸರಿದರೆ ಅದರ ಮೇಲೆ ನಿಂತ ಅಂಕಿಯೂ ಸರಿಯುತ್ತದೆ. ಆದ್ದರಿಂದ "ಸೂರ್ಯನಿಗಿಂತ ಸುಮಾರು 46 ಕೆಲ್ವಿನ್ ಹೆಚ್ಚು ಬಿಸಿ" ಎಂದು ಬರೆದುಕೊಳ್ಳುವುದು 5823 ಎಂದು ಬರೆದುಕೊಳ್ಳುವುದಕ್ಕಿಂತ ಪ್ರಾಮಾಣಿಕ. ಕಬ್ಬಿಣದ ಅಂಶವೂ ಹಾಗೆಯೇ: ಸೂರ್ಯನಿಗಿಂತ ನೂರಕ್ಕೆ ಸುಮಾರು ಹದಿಮೂರರಷ್ಟು ಹೆಚ್ಚು.

ಇರುಳುಗಣ್ಣು

ಅಂದರೆ ಇದು ತಕ್ಕಡಿಯ ಒಂದು ತಟ್ಟೆಯಲ್ಲಿ ಸೂರ್ಯನನ್ನೇ ಕಲ್ಲಾಗಿ ಇಟ್ಟು ತೂಗಿದ ಲೆಕ್ಕ ಎಂದಾಯಿತು. ಕಲ್ಲಿನ ತೂಕವೇ ಸ್ವಲ್ಪ ಅನುಮಾನವಾಗಿದ್ದರೂ, ಎರಡು ತಟ್ಟೆಗಳ ನಡುವಿನ ಹೆಚ್ಚುಕಡಿಮೆ ಖಚಿತ. ಗಾತ್ರಕ್ಕೂ ಇದೇ ಮಾತೇ?

ರೋಹಿತದರ್ಶಿ

ಗಾತ್ರದ ಕತೆ ಬೇರೆ, ಅಲ್ಲಿ ನಿಜವಾಗಿಯೂ ನಕ್ಷತ್ರದ ಅಗಲವನ್ನೇ ಅಳೆದಿದ್ದಾರೆ. ಮೈಕೆಲ್ ಬಜೋ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ ಅಳತೆ ಅದು. ಕ್ಯಾಲಿಫೋರ್ನಿಯಾದ ಮೌಂಟ್ ವಿಲ್ಸನ್ ಮೇಲೆ ಚಾರಾ ಎಂಬ ದೂರದರ್ಶಕಗಳ ಸಮೂಹವಿದೆ. ನೂರಾರು ಮೀಟರ್ ಅಂತರದಲ್ಲಿರುವ ದೂರದರ್ಶಕಗಳು ಹಿಡಿದ ಬೆಳಕನ್ನು ಒಂದೆಡೆ ತಂದು ಬೆರೆಸಿದಾಗ ಮೂಡುವ ಬೆಳಕು-ಕತ್ತಲಿನ ಪಟ್ಟೆಗಳ ಸ್ಪಷ್ಟತೆಯಿಂದ ನಕ್ಷತ್ರದ ಕೋನೀಯ ವ್ಯಾಸ ಸಿಗುತ್ತದೆ. ನಕ್ಷತ್ರ ಶುದ್ಧ ಬಿಂದುವಾಗಿದ್ದರೆ ಪಟ್ಟೆಗಳು ಅಚ್ಚುಕಟ್ಟಾಗಿರುತ್ತವೆ, ಅಗಲವಿದ್ದಷ್ಟೂ ಮಸುಕಾಗುತ್ತವೆ. ಸಿಕ್ಕಿದ ವ್ಯಾಸ 0.676 ಮಿಲಿ ಆರ್ಕ್‌ಸೆಕೆಂಡ್ (ಆರ್ಕ್‌ಸೆಕೆಂಡ್ ಎಂದರೆ ಡಿಗ್ರಿಯ 3600ರಲ್ಲಿ ಒಂದು ಪಾಲು, ಮಿಲಿ ಎಂದರೆ ಅದರ ಸಾವಿರದಲ್ಲಿ ಒಂದು ಪಾಲು), ಅನಿಶ್ಚಿತತೆ ನೂರಕ್ಕೆ ಒಂದಕ್ಕಿಂತ ಕಡಿಮೆ. ಬೆಂಗಳೂರಿನಲ್ಲಿ ನಿಂತವನಿಗೆ ಲಂಡನ್‌ನಲ್ಲಿ ಎತ್ತಿ ಹಿಡಿದ ಹತ್ತು ರೂಪಾಯಿ ನಾಣ್ಯ ಎಷ್ಟಗಲ ಕಾಣಬೇಕೋ ಹೆಚ್ಚುಕಡಿಮೆ ಅಷ್ಟು.

ಆದರೆ ಕೋನದಿಂದ ಕಿಲೋಮೀಟರಿಗೆ ಬರಬೇಕಾದರೆ ದೂರ ಬೇಕು. ಅವರು ಬಳಸಿದ್ದು ಹಿಪ್ಪಾರ್ಕಸ್ ಉಪಗ್ರಹದ ಪ್ಯಾರಲಾಕ್ಸ್ (ಭೂಮಿ ಸೂರ್ಯನನ್ನು ಸುತ್ತುವಾಗ ನಕ್ಷತ್ರ ಹಿನ್ನೆಲೆಯಲ್ಲಿ ಸರಿದಂತೆ ಕಾಣುವುದರ ಕೋನ; ದೂರ ಹೆಚ್ಚಿದಷ್ಟೂ ಇದು ಕಡಿಮೆ), 71.94 ಮಿಲಿ ಆರ್ಕ್‌ಸೆಕೆಂಡ್, ನಿಮ್ಮ 45.3 ಜ್ಯೋತಿರ್ವರ್ಷ ಬಂದದ್ದು ಅಲ್ಲಿಂದ. ಗಯಾ ಉಪಗ್ರಹದ ಅಳತೆಯಲ್ಲಿ ಪ್ಯಾರಲಾಕ್ಸ್ ಸ್ವಲ್ಪ ಕಡಿಮೆ ಬಂದು ದೂರ 46.1 ಆಯಿತು.

ಲೆಕ್ಕದ ಮೇಷ್ಟ್ರು

ಇದನ್ನು ನಾನು ಬಿಡುವುದಿಲ್ಲ, ಮೇಜಿನ ಮೇಲೆ ಕಾಗದ ಇದ್ದೇ ಇದೆ. 71.94 ಮಿಲಿ ಆರ್ಕ್‌ಸೆಕೆಂಡ್ ಪ್ಯಾರಲಾಕ್ಸ್ ಎಂದರೆ 13.90 ಪಾರ್ಸೆಕ್. ಒಂದು ಪಾರ್ಸೆಕ್ ದೂರದಲ್ಲಿ ಒಂದು ಆರ್ಕ್‌ಸೆಕೆಂಡ್ ಕೋನಕ್ಕೆ ಸೂರ್ಯ-ಭೂಮಿ ಅಂತರದಷ್ಟು ಉದ್ದ ಎಂಬುದು ಪಾರ್ಸೆಕ್‌ನ ವ್ಯಾಖ್ಯೆಯೇ ಆದ್ದರಿಂದ, 0.000676 ಅನ್ನು 13.90ರಿಂದ ಗುಣಿಸಿದರೆ ವ್ಯಾಸ ಆ ಅಂತರದ 0.009396 ಪಾಲು. ಸೂರ್ಯನ ವ್ಯಾಸ ಅದೇ ಮಾನದಲ್ಲಿ 0.009301. ಭಾಗಿಸಿದರೆ 1.010. ಅವರು ಪ್ರಕಟಿಸಿದ ಅಂಕಿಯೂ ಅದೇ, ಸೂರ್ಯನ 1.010 ಪಟ್ಟು. ಎಸ್‌ಎಸ್‌ಎಲ್‌ಸಿ ಮಕ್ಕಳು ಮಾಡಬಹುದಾದ ಗುಣಾಕಾರ!

ಈಗ ಗಯಾದ 14.14 ಪಾರ್ಸೆಕ್ ಹಾಕಿ. ಉತ್ತರ 1.028. ನಕ್ಷತ್ರ ಉಬ್ಬಲಿಲ್ಲ, ಕೋನ ಬದಲಾಗಲಿಲ್ಲ, ದೂರ ಬದಲಾದದ್ದಕ್ಕೆ ತ್ರಿಜ್ಯ ಬೆಳೆಯಿತು. ಹಾಗಾದರೆ ದ್ರವ್ಯರಾಶಿಯ ಗತಿಯೇನು? ಒಂಟಿ ನಕ್ಷತ್ರವನ್ನು ತೂಗುವುದು ಹೇಗೆಂಬುದೇ ನನಗೆ ಸೋಜಿಗ. ಜೋಡಿ ನಕ್ಷತ್ರವಾಗಿದ್ದರೆ ಒಂದನ್ನೊಂದು ಸುತ್ತುವುದನ್ನು ನೋಡಿ ತೂಗಬಹುದಿತ್ತು.

ರೋಹಿತದರ್ಶಿ

ಅದಕ್ಕೆ ನಕ್ಷತ್ರದ ಕಂಪನವೇ ಆಧಾರ. ಸೂರ್ಯನ ಮೇಲ್ಮೈ ಸುಮಾರು ಐದು ನಿಮಿಷಕ್ಕೊಮ್ಮೆ ಏರಿಳಿಯುತ್ತಿರುತ್ತದೆ, ಒಳಗಿನ ಶಬ್ದದ ಅಲೆಗಳು ಅದನ್ನು ಗಂಟೆಯಂತೆ ಮಿಡಿಸುತ್ತಿರುತ್ತವೆ. 18 ಸ್ಕಾರ್ಪಿಯೈ ಕೂಡ ಹಾಗೆಯೇ. ಚಿಲಿಯ ಲಾ ಸಿಲಾದಲ್ಲಿರುವ ಹಾರ್ಪ್ಸ್ ರೋಹಿತಮಾಪಕದಿಂದ ಆ ಮಿಡಿತವನ್ನು ಹಿಡಿದಾಗ, ಅದರ ಸ್ವರಗಳ ನಡುವಿನ ಅಂತರ 134.4 ಮೈಕ್ರೊಹರ್ಟ್ಸ್ ಎಂದು ಕಂಡುಬಂತು. ಸೂರ್ಯನದು ಸುಮಾರು 135. ಈ ಅಂತರದ ವರ್ಗ ನಕ್ಷತ್ರದ ಸರಾಸರಿ ಸಾಂದ್ರತೆಗೆ ಅನುಪಾತದಲ್ಲಿರುತ್ತದೆ. ಹಾಗಾಗಿ ಸಾಂದ್ರತೆ ಸೂರ್ಯನ 0.99 ಪಟ್ಟು. ಸಾಂದ್ರತೆಯನ್ನು ತ್ರಿಜ್ಯದ ಘನದಿಂದ ಗುಣಿಸಿದರೆ ದ್ರವ್ಯರಾಶಿ: 1.010ರ ಘನ 1.030, ಗುಣಿಸಿದರೆ 1.02. ಸಂಶೋಧಕರು ಕೊಟ್ಟದ್ದು 1.02, ಹೆಚ್ಚುಕಡಿಮೆ 0.03.

ಲೆಕ್ಕದ ಮೇಷ್ಟ್ರು

ಘನ ಎಂದ ಮೇಲೆ ಅಪಾಯ ಅಲ್ಲಿದೆ. ತ್ರಿಜ್ಯ 1.028 ಆದರೆ ದ್ರವ್ಯರಾಶಿ 1.08ರ ಹತ್ತಿರ ಹೋಗುತ್ತದೆ. ದೂರದಲ್ಲಿ ನೂರಕ್ಕೆ ಎರಡರಷ್ಟು ವ್ಯತ್ಯಾಸ, ತೂಕದಲ್ಲಿ ನೂರಕ್ಕೆ ಐದಾರು.

ರೋಹಿತದರ್ಶಿ

ಸರಿಯಾಗಿ ಹಿಡಿದಿರಿ ಮೇಷ್ಟ್ರೇ. ಅದಕ್ಕೇ ಇಲ್ಲಿ ಒಂದೇ ಅಂಕಿಯನ್ನು ಹಿಡಿದು ಕೂರಬಾರದು. ರೋಹಿತದ ಮಾರ್ಗದಿಂದ, ಅಂದರೆ ತಾಪ, ಗುರುತ್ವ, ಲೋಹಾಂಶಗಳನ್ನು ವಿಕಾಸದ ಮಾದರಿಗಳೊಂದಿಗೆ ಹೋಲಿಸಿ ಪಡೆದ ದ್ರವ್ಯರಾಶಿ 1.04. ನಿಮ್ಮ 1.08ರ ಮೇಲೂ, ಕೋನದ ಅನಿಶ್ಚಿತತೆಯೊಂದರಿಂದಲೇ ನೂರಕ್ಕೆ ಮೂರರಷ್ಟು ಅಲುಗಾಟ ಇದೆ. ಹಾಗೆ ನೋಡಿದರೆ ಮೂರು ಅಂಕಿಗಳೂ ಒಂದಕ್ಕೊಂದು ಮುಖ ತಿರುಗಿಸಿ ನಿಂತಿಲ್ಲ. ಗಯಾದ ಅಂಕಿಯನ್ನು ಕಣ್ಣು ಮುಚ್ಚಿ ಒಪ್ಪುವುದಕ್ಕೂ ಹಿಂಜರಿಕೆ ಇದೆ. ಗಯಾ ನಿಜವಾಗಿ ನಿಪುಣವಾಗಿದ್ದದ್ದು ಇದಕ್ಕಿಂತ ಬಹಳ ಮಂಕಾದ ನಕ್ಷತ್ರಗಳಲ್ಲಿ, ಬರಿಗಣ್ಣಿಗೆ ಕಾಣುವ ನಕ್ಷತ್ರಗಳು ಅದರ ಸಂವೇದಕಕ್ಕೆ ಅತಿಯಾದ ಬೆಳಕು. ನಮ್ಮ ಕಣ್ಣಿಗೆ ಮಿಣುಕು, ಅದರ ಕಣ್ಣಿಗೆ ಕೋರೈಸುವ ದೀಪ.

ಹೊಸದುರ್ಗದ ಓದುಗ

ಇಷ್ಟು ಹೊತ್ತು ಸುಮ್ಮನೆ ಓದುತ್ತಿದ್ದೆ. ವಯಸ್ಸಿನ ಪ್ರಶ್ನೆ ಹಾಗೇ ಉಳಿದಿದೆ. ನಕ್ಷತ್ರ ಎಷ್ಟು ದಿನಕ್ಕೊಮ್ಮೆ ತನ್ನ ಸುತ್ತ ತಿರುಗುತ್ತದೆ ಎಂಬುದರಿಂದ ವಯಸ್ಸು ಹೇಳಬಹುದು ಎಂದು ಓದಿದ ನೆನಪು. ಅದು ನಂಬಿಕೆಗೆ ಅರ್ಹವಾದ ವಿಧಾನವೇ?

ಲೆಕ್ಕದ ಮೇಷ್ಟ್ರು

ಆಂಡ್ರ್ಯೂ ಸ್ಕುಮಾನಿಚ್ 1972ರಲ್ಲಿ ತೋರಿಸಿದ ನಿಯಮವದು: ನಕ್ಷತ್ರಗಳ ಆವರ್ತನ ವೇಗ ವಯಸ್ಸಿನ ವರ್ಗಮೂಲಕ್ಕೆ ವಿಲೋಮವಾಗಿ ಇಳಿಯುತ್ತದೆ. ಅಂದರೆ ಒಂದು ಸುತ್ತಿಗೆ ಹಿಡಿಯುವ ಕಾಲದ ವರ್ಗ ವಯಸ್ಸಿಗೆ ಅನುಪಾತದಲ್ಲಿರುತ್ತದೆ. 18 ಸ್ಕಾರ್ಪಿಯೈ 22.7 ದಿನಕ್ಕೆ ಒಂದು ಸುತ್ತು. ಸೂರ್ಯ 27 ದಿನಕ್ಕೆ. 22.7ನ್ನು 27ರಿಂದ ಭಾಗಿಸಿ ವರ್ಗ ಮಾಡಿ, ಸೂರ್ಯನ 457 ಕೋಟಿ ವರ್ಷದಿಂದ ಗುಣಿಸಿದರೆ 323 ಕೋಟಿ ವರ್ಷ.

ಇರುಳುಗಣ್ಣು

ಮೇಷ್ಟ್ರೇ, ಒಂದು ಅನುಮಾನ. ಆ 27 ದಿನ ಭೂಮಿಯಿಂದ ಸೌರಕಲೆಗಳನ್ನು ನೋಡಿದಾಗ ಸಿಗುವ ಅವಧಿಯಲ್ಲವೇ? ನಾನೂ ಸೌರಕಲೆಗಳನ್ನು ಕಾಗದದ ಮೇಲೆ ಬಿಂಬ ಬೀಳಿಸಿ ಗುರುತಿಸುತ್ತೇನೆ. ಅದೇ ಕಲೆ ಅಂಚಿನಲ್ಲಿ ಮರಳಿ ಬರುವಷ್ಟರಲ್ಲಿ ಭೂಮಿಯೂ ಸೂರ್ಯನ ಸುತ್ತ ಮುಂದೆ ಸರಿದಿರುತ್ತದೆ, ಹಾಗಾಗಿ ಎರಡು ದಿನ ಹೆಚ್ಚು ಸಿಗುತ್ತದೆ.

ಲೆಕ್ಕದ ಮೇಷ್ಟ್ರು

ತಪ್ಪು ಒಪ್ಪಿಕೊಂಡೆ, ಧನ್ಯವಾದ. ನಕ್ಷತ್ರಗಳ ಹಿನ್ನೆಲೆಯಲ್ಲಿ ಸೂರ್ಯನ ಒಂದು ಸುತ್ತು ಸುಮಾರು 25.4 ದಿನ. 18 ಸ್ಕಾರ್ಪಿಯೈಯನ್ನು ಅಷ್ಟು ದೂರದಿಂದ ನೋಡುವಾಗ ಭೂಮಿಯ ಓಡಾಟ ಲೆಕ್ಕಕ್ಕೇ ಬರುವುದಿಲ್ಲ, ಆದ್ದರಿಂದ ಹೋಲಿಸಬೇಕಾದದ್ದು 25.4ನ್ನೇ. ಈಗ ಉತ್ತರ 365 ಕೋಟಿ ವರ್ಷ. ಎರಡು ದಿನದ ಅಜಾಗರೂಕತೆಗೆ 42 ಕೋಟಿ ವರ್ಷದ ದಂಡ.

ರೋಹಿತದರ್ಶಿ

ಈ ತಿದ್ದುಪಡಿಯಲ್ಲೇ ಹೊಸದುರ್ಗದವರ ಪ್ರಶ್ನೆಗೆ ಅರ್ಧ ಉತ್ತರ ಇದೆ. ಉಳಿದ ಅರ್ಧವನ್ನು ಹೇಳುತ್ತೇನೆ.

ತಾಪಕ್ಕೆ ಗೆರೆಗಳಿವೆ, ಗಾತ್ರಕ್ಕೆ ಕೋನವಿದೆ, ಸಾಂದ್ರತೆಗೆ ಮಿಡಿತವಿದೆ. ವಯಸ್ಸಿಗೆ ಅಂಥ ನೇರವಾದ ಗುರುತೇ ಇಲ್ಲ. ಸೂರ್ಯನ ವಯಸ್ಸು ನಮಗೆ ಗೊತ್ತಾದದ್ದೂ ಸೂರ್ಯನನ್ನು ನೋಡಿ ಅಲ್ಲ, ಸೌರವ್ಯೂಹದ ಜೊತೆಯಲ್ಲೇ ಹುಟ್ಟಿದ ಉಲ್ಕಾಶಿಲೆಗಳಲ್ಲಿನ ವಿಕಿರಣಶೀಲ ಧಾತುಗಳು ಎಷ್ಟು ಕ್ಷಯಿಸಿವೆ ಎಂಬುದನ್ನು ಪ್ರಯೋಗಾಲಯದಲ್ಲಿ ಅಳೆದು. 18 ಸ್ಕಾರ್ಪಿಯೈಯ ಒಂದು ಚೂರು ಕಲ್ಲೂ ನಮ್ಮ ಕೈಯಲ್ಲಿಲ್ಲ. ಹಾಗಾಗಿ ಅದರ ವಯಸ್ಸನ್ನು ಮಾದರಿಗಳ ಮೂಲಕ ಕಂಡುಕೊಳ್ಳಬೇಕು: ಇಷ್ಟು ದ್ರವ್ಯರಾಶಿ, ಇಷ್ಟು ಲೋಹಾಂಶದ ನಕ್ಷತ್ರ ಈ ತಾಪಕ್ಕೂ ಈ ಪ್ರಕಾಶಕ್ಕೂ ಬರಲು ಎಷ್ಟು ವರ್ಷ ಹಿಡಿಯುತ್ತದೆ ಎಂದು. ತೊಂದರೆಯೇನೆಂದರೆ, ಇಂಥ ನಕ್ಷತ್ರ ನಡುವಯಸ್ಸಿನಲ್ಲಿ ನೂರು ಕೋಟಿ ವರ್ಷ ಕಳೆದರೂ ಹೊರಗಿನಿಂದ ಬದಲಾಗುವುದು ಬಹಳ ಕಡಿಮೆ. 2014ರ ಅಧ್ಯಯನದ 290 ಕೋಟಿ ವರ್ಷದ ಪಕ್ಕದಲ್ಲೇ ಸುಮಾರು 100 ಕೋಟಿ ವರ್ಷದ ಅನಿಶ್ಚಿತತೆಯನ್ನೂ ಕೊಟ್ಟಿದ್ದಾರೆ. ಅದನ್ನು ಬಿಟ್ಟು 290ನ್ನು ಮಾತ್ರ ನಕಲು ಮಾಡುವವರಿಂದ ಗೊಂದಲ ಹುಟ್ಟುತ್ತದೆ. ಮೇಷ್ಟ್ರ 365 ಆ ಅಂಚಿನೊಳಗೇ ಬೀಳುತ್ತದೆ.

ಆದರೂ ಅದು ವಯಸ್ಸಿನಲ್ಲಿ ಸೂರ್ಯನಿಗಿಂತ ಚಿಕ್ಕದು ಎಂದು ಹೇಳುವುದಕ್ಕೆ ಬೇರೆ ಸಾಕ್ಷಿಗಳಿವೆ, ಅವುಗಳಲ್ಲಿ ನನಗೆ ಹೆಚ್ಚು ಹಿಡಿಸಿದ್ದು ಲಿಥಿಯಮ್. ನಕ್ಷತ್ರದ ಹೊರಪದರದ ಅನಿಲ ಕುದಿಯುತ್ತ ಮೇಲೆ ಕೆಳಗೆ ಓಡಾಡುವಾಗ ಲಿಥಿಯಮ್ ಒಳಗಿನ ಬಿಸಿಗೆ ಇಳಿದು ನಾಶವಾಗುತ್ತದೆ; ವರ್ಷ ಕಳೆದಂತೆ ಮೇಲ್ಮೈಯಲ್ಲಿ ಅದು ಬತ್ತುತ್ತ ಹೋಗುತ್ತದೆ. ಉಲ್ಕಾಶಿಲೆಗಳಿಗೆ ಹೋಲಿಸಿದರೆ ಸೂರ್ಯನ ಮೇಲ್ಮೈಯಲ್ಲಿ ಅದು ನೂರರಲ್ಲಿ ಒಂದು ಪಾಲೂ ಉಳಿದಿಲ್ಲ. 18 ಸ್ಕಾರ್ಪಿಯೈಯಲ್ಲಿ ಸೂರ್ಯನಿಗಿಂತ ಸುಮಾರು ಮೂರು ಪಟ್ಟು ಇದೆ. ಕೆಂಪು ಬೆಳಕಿನ ಭಾಗದಲ್ಲಿ, 670.8 ನ್ಯಾನೊಮೀಟರ್ ಬಳಿ ಇರುವ ಒಂದು ಸಣ್ಣ ಗೆರೆಯ ಆಳ ಇದನ್ನು ಹೇಳುತ್ತದೆ. ಎರಡೂ ರೋಹಿತಗಳನ್ನು ಒಂದರ ಮೇಲೊಂದು ಇಟ್ಟರೆ ಉಳಿದ ಗೆರೆಗಳು ಹೆಚ್ಚುಕಡಿಮೆ ಒಂದಾಗಿಬಿಡುತ್ತವೆ, ಇದೊಂದು ಕಡೆ ಮಾತ್ರ ನಕ್ಷತ್ರದ ರೇಖೆ ಸೂರ್ಯನದಕ್ಕಿಂತ ಕೆಳಗಿಳಿದಿರುತ್ತದೆ.

ಕೊಡಚಾದ್ರಿ ಕಣಿವೆ

ಸೌರಕಲೆಗಳ ಮಾತು ಬಂತಲ್ಲ, ಆ ನಕ್ಷತ್ರಕ್ಕೂ ನಮ್ಮ ಸೂರ್ಯನ 11 ವರ್ಷದಂಥ ಚಕ್ರ ಇದೆಯೇ?

ರೋಹಿತದರ್ಶಿ

ಇದೆ. ಕ್ಯಾಲ್ಸಿಯಮ್ ಗೆರೆಗಳ ತಿರುಳಿನಲ್ಲಿ ಏರಿಳಿಯುವ ಹೊಳಪನ್ನು ವರ್ಷಗಟ್ಟಲೆ ಗಮನಿಸಿದಾಗ ಸುಮಾರು 7 ವರ್ಷದ ಚಕ್ರ ಕಂಡಿದೆ. ನಮ್ಮದಕ್ಕಿಂತ ಚಿಕ್ಕದು, ಆದರೆ ಸೂರ್ಯನ ಚಕ್ರಕ್ಕೆ ಇಷ್ಟು ಹೋಲುವ ಚಕ್ರ ಸೂರ್ಯನನ್ನು ಇಷ್ಟು ಹೋಲುವ ನಕ್ಷತ್ರದಲ್ಲೇ ಸಿಕ್ಕಿದ್ದು ಭಾಗ್ಯ.

ಹೊಸದುರ್ಗದ ಓದುಗ

ಕೊನೆಯದಾಗಿ ಒಂದು. ಇದನ್ನು ಅವಳಿ ಎಂದು ಮೊದಲು ಕರೆದವರು ಯಾರು? ಇಷ್ಟೆಲ್ಲ ವ್ಯತ್ಯಾಸಗಳನ್ನು ಕೇಳಿದ ಮೇಲೆ ಆ ಪದವೇ ಸ್ವಲ್ಪ ಹೆಚ್ಚಾಯಿತೇನೋ ಎನಿಸುತ್ತಿದೆ.

ರೋಹಿತದರ್ಶಿ

ಸೌರ ಅವಳಿ ಎಂಬ ಕಲ್ಪನೆಯನ್ನು ಬೆಳೆಸಿದವರು ಫ್ರಾನ್ಸ್‌ನಲ್ಲಿ ದುಡಿದ ಖಗೋಳ ವಿಜ್ಞಾನಿ ಜ್ಯೂಸಾ ಕೈರೆಲ್ ದ ಸ್ಟ್ರೋಬೆಲ್. ಸೂರ್ಯನಂಥ ಎಂಬ ಸಡಿಲವಾದ ಮಾತು, ಅದಕ್ಕಿಂತ ಹತ್ತಿರದ ಸದೃಶ, ಎಲ್ಲಕ್ಕಿಂತ ಹತ್ತಿರದ ಅವಳಿ, ಹೀಗೆ ಮೆಟ್ಟಿಲುಗಳಿವೆ. 18 ಸ್ಕಾರ್ಪಿಯೈಯನ್ನು ಆ ಮೇಲಿನ ಮೆಟ್ಟಿಲಿಗೆ ಏರಿಸಿದವರು ಬ್ರೆಜಿಲ್‌ನ ಪೋರ್ತೊ ದೆ ಮೆಲ್ಲೊ ಮತ್ತು ದ ಸಿಲ್ವಾ, 1997ರಲ್ಲಿ. ನನ್ನ ಅಭಿಪ್ರಾಯದಲ್ಲಿ ಪದ ಹೆಚ್ಚಾಗಿಲ್ಲ. ಮನೆಯ ಅವಳಿ ಮಕ್ಕಳಲ್ಲೂ ಒಬ್ಬನಿಗೆ ಕೆನ್ನೆಯ ಮೇಲೆ ಮಚ್ಚೆ ಇರುತ್ತದೆ.

ಇದರಿಂದ ದಿನನಿತ್ಯದ ಉಪಯೋಗವೂ ಇದೆ. ಕ್ಷುದ್ರಗ್ರಹದ ಮೇಲ್ಮೈ ಯಾವ ಖನಿಜದ್ದು ಎಂದು ತಿಳಿಯಬೇಕಾದರೆ ಅದರ ರೋಹಿತದಿಂದ ಸೂರ್ಯನ ಪಾಲನ್ನು ತೆಗೆಯಬೇಕು. ಅದಕ್ಕೆ ವೀಕ್ಷಕರು ಅದೇ ರಾತ್ರಿ ಇಂಥ ನಕ್ಷತ್ರವೊಂದನ್ನು ನೋಡಿ ಅದರ ರೋಹಿತದಿಂದ ಭಾಗಿಸುತ್ತಾರೆ. ಸೂರ್ಯನ ಬಣ್ಣವನ್ನು ನಕ್ಷತ್ರಗಳ ಮಾನದಲ್ಲಿ ಹೇಳುವುದಕ್ಕೂ ಅವಳಿಗಳೇ ಆಸರೆ. ನಕ್ಷತ್ರ ಅಳೆಯುವ ಉಪಕರಣಕ್ಕೆ ಸೂರ್ಯ ಅತಿ ಪ್ರಕಾಶಮಾನನಾದ್ದರಿಂದ, ಅವಳಿಗಳನ್ನು ಅಳೆದು ಸೂರ್ಯನ ಬಣ್ಣದ ಅಂಕಿ (ನೀಲಿ ಬೆಳಕಿನ ಮತ್ತು ಹಸಿರು-ಹಳದಿ ಬೆಳಕಿನ ಕಾಂತಿಮಾನಗಳ ವ್ಯತ್ಯಾಸ) ಸುಮಾರು 0.65 ಎಂದು ಪರೋಕ್ಷವಾಗಿ ಕಂಡುಕೊಂಡರು.

ಇರುಳುಗಣ್ಣು

ನನ್ನ ಟಿಪ್ಪಣಿ ಪುಸ್ತಕದ ಪುಟವನ್ನು ಹೊಸದಾಗಿ ಬರೆದೆ. ಕಾಂತಿಮಾನ, ಕೋನೀಯ ವ್ಯಾಸ, ಮಿಡಿತದ ಅಂತರ, ಸುತ್ತಿನ ಅವಧಿ, ಇವನ್ನು ನೀಲಿ ಶಾಯಿಯಲ್ಲಿ. ತ್ರಿಜ್ಯ ಮತ್ತು ದ್ರವ್ಯರಾಶಿಯನ್ನು ಸೀಸದ ಕಡ್ಡಿಯಲ್ಲಿ, ಪಕ್ಕದಲ್ಲಿ ಯಾವ ದೂರ ಬಳಸಿದ್ದೆಂದು ಕಾಣಿಸಿ. ತಾಪವನ್ನು "ಸೂರ್ಯ ಕೂಡಿಸು 46" ಎಂದು. ವಯಸ್ಸಿನ ಜಾಗದಲ್ಲಿ "ಸೂರ್ಯನಿಗಿಂತ ಚಿಕ್ಕದು, ಲಿಥಿಯಮ್ ನೋಡಿ" ಎಂದಷ್ಟೇ ಬರೆದು ಅಂಕಿಯನ್ನು ಖಾಲಿ ಬಿಟ್ಟಿದ್ದೇನೆ. ಮೇ ಕೊನೆಗೆ ಅದು ನಡುರಾತ್ರಿಯ ಹೊತ್ತಿಗೆ ದಕ್ಷಿಣದಲ್ಲಿ 67 ಡಿಗ್ರಿ ಎತ್ತರಕ್ಕೆ ಬರುತ್ತದೆ. ಮುಂಗಾರಿನ ಮೋಡ ಕಟ್ಟುವುದರೊಳಗೆ ಇನ್ನೊಂದು ರಾತ್ರಿ ಸಿಕ್ಕರೆ, ಈ ಬಾರಿ ನಕ್ಷೆಯನ್ನು ಮೊದಲೇ ತೆರೆದಿಟ್ಟುಕೊಂಡು ತಾರಸಿ ಹತ್ತುತ್ತೇನೆ.